ನೆಂಟರಿಷ್ಟರ ಸಮೇತ

ಜಾಹೀರಾತಿನ ಕೊನೆಗೆ ‘ನೆಂಟರಿಷ್ಟರ ಸಮೇತ’ ಎಂಬ ಮಾತೊಂದನ್ನು ಸೇರಿಸದೆ ಇದ್ದಿದ್ದರೆ ವೈಜನಾಥನ ಆ ಶನಿವಾರ ಎಲ್ಲರ ಶನಿವಾರದಂತೆ ಕಳೆದುಹೋಗುತ್ತಿತ್ತು. ತಡವಾಗಿ ಏಳುತ್ತಿದ್ದ, ಹೆಂಡತಿ ಶಿವದೇವಿಯಿಂದ ಬೈಸಿಕೊಳ್ಳುತ್ತಿದ್ದ, ಮೆಹದಿಪಟ್ಟಣಂ ರೈತು ಬಜಾರಿಗೆ ಹೋಗಿ ಬಲಿತ ಬೆಂಡೆಕಾಯಿ ತಂದು ಮತ್ತೊಮ್ಮೆ ಬೈಸಿಕೊಳ್ಳುತ್ತಿದ್ದ. ಅಷ್ಟಕ್ಕೇ ಮುಗಿಯುತ್ತಿತ್ತು.

ವೈಜನಾಥ ಸಿಂದಗಿ ಕಡೆಯವನು. ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ಅವನಲ್ಲಿ ತಪ್ಪು ಹುಡುಕುವುದು ಅವನ ಮ್ಯಾನೇಜರ್ ನರಸಿಂಹ ಎಂಬಾತನ ಕೆಲಸ. ಇಬ್ಬರಲ್ಲಿ ನರಸಿಂಹನೇ ಹೆಚ್ಚು ಶ್ರದ್ಧೆಯಿಂದ ದುಡಿಯುತ್ತಿದ್ದ. ಹೀಗಾಗಿ ವೈಜನಾಥನಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ: ಯಾರ ಕೈಕೆಳಗೂ ಇಲ್ಲದೆ, ತನಗೆ ತಾನೇ ಯಜಮಾನನಾಗಿ ಒಂದು ದಿನವಾದರೂ ಬದುಕಬೇಕು.

ಅದು ಎರಡು ಸಾವಿರದ ಏಳನೇ ಇಸವಿ. ಹೈದರಾಬಾದಿನಲ್ಲಿ ಬಂಡೆಗಲ್ಲಿಗೂ ಬೆಲೆ ಬಂದಿದ್ದ ಕಾಲ. ನಿಜವಾದ ಜಾಗ ಕೊಳ್ಳುವ ಶಕ್ತಿ ಇಲ್ಲದ ವೈಜನಾಥ ಕಂಪ್ಯೂಟರಿನೊಳಗೆ ಜಾಗ ಹಿಡಿದ. ಇಂಟರ್‌ನೆಟ್ಟಿನಲ್ಲಿ ಅಂಥದೊಂದು ಲೋಕವೇ ಇತ್ತು. ಅಲ್ಲಿ ರಸ್ತೆ, ಮನೆ, ಸಮುದ್ರ ಎಲ್ಲವೂ ಉಂಟು. ದೇಶದೇಶದ ಜನ ತಮ್ಮ ಹೆಸರಿನಲ್ಲಿ ಒಂದೊಂದು ಬೊಂಬೆ ಮಾಡಿಕೊಂಡು ಅಲ್ಲಿ ತಿರುಗಾಡುತ್ತಾರೆ, ಮಾತಾಡುತ್ತಾರೆ, ಅಲ್ಲಿಯ ನಾಣ್ಯ ಕೊಟ್ಟು ಅಲ್ಲಿಯ ಸಾಮಾನು ಕೊಳ್ಳುತ್ತಾರೆ. ಆ ನಾಣ್ಯವನ್ನು ನಿಜವಾದ ಡಾಲರಿಗೆ ಬದಲಿಸಿಕೊಳ್ಳಬಹುದು. ವೈಜನಾಥ ಆ ಲೋಕದ ಸಮುದ್ರದಂಡೆಯಲ್ಲಿ ಬಾಡಿಗೆಗೆ ಮೂಲೆಯೊಂದನ್ನು ಹಿಡಿದು ಮದುವೆ ಮಂಟಪ ಕಟ್ಟಿದ. ‘ಅಪ್ಪಟ ಭಾರತೀಯ ಮದುವೆ’ ಎಂದು ಬೋರ್ಡು ಹಾಕಿದ. ಬಂದವರ ಬೊಂಬೆಗಳಿಗೆ ಬಾಸಿಂಗ ಕಟ್ಟಿ, ತಾನೇ ಪುರೋಹಿತನ ಬೊಂಬೆಯಾಗಿ ಮದುವೆ ಮಾಡಿಸುತ್ತಿದ್ದ. ಮಂತ್ರ ಬಾರದು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ‘ರಾಮಃ ರಾಮೌ ರಾಮಾಃ’ ಇನ್ನೂ ಬರುತ್ತಿತ್ತು. ಅದನ್ನೇ ರಾಗವಾಗಿ ಹೇಳಿ ಇಲ್ಲಿಯವರೆಗೆ ಎರಡು ಮದುವೆ ಮುಗಿಸಿದ್ದ. ಬಂದ ಲಾಭ ಇಂಟರ್‌ನೆಟ್ ಬಿಲ್ಲಿಗೂ ಸಾಕಾಗಿರಲಿಲ್ಲ.

ಗಿರಾಕಿ ಬರಲಿ ಎಂದು ಜಾಹೀರಾತಿನ ಆ ಬೋರ್ಡಿನ ಕೊನೆಗೆ ‘ನೆಂಟರಿಷ್ಟರ ಸಮೇತ’ ಎಂದು ಇಂಗ್ಲಿಷಿನಲ್ಲಿ ಸೇರಿಸಿದ. ವಾರದಲ್ಲೇ ಆಸ್ಟ್ರೇಲಿಯಾದ ಜೋಡಿಯೊಂದು ಒಪ್ಪಿಕೊಂಡು ಮುಂಗಡವನ್ನೂ ಕೊಟ್ಟುಬಿಟ್ಟಿತು. ತಮ್ಮದೊಂದು ಕ್ಲಬ್ ಇದೆ, ಮದುವೆ ಮನಸ್ಸಿಗೆ ಹಿಡಿಸಿದರೆ ವರ್ಷವಿಡೀ ಕ್ಲಬ್ಬಿನ ಎಲ್ಲ ಮದುವೆಗಳೂ ನಿಮಗೇ ಎಂದು ಬರೆದರು. ವೈಜನಾಥ ಕುಣಿದಾಡಿದ. ಇದೊಂದು ದಡ ಸೇರಿದರೆ ನರಸಿಂಹನ ಮುಖ ಇನ್ನೊಮ್ಮೆ ನೋಡಬೇಕಿಲ್ಲ. ಕುಣಿದು ಸುಸ್ತಾದ ಮೇಲೆ ಒಂದು ಮಾತು ಹೊಳೆಯಿತು: ನೆಂಟರೆಲ್ಲಿ?

“ಒಬ್ಬಂವ ಒಂದು ಬೊಂಬಿ ಅಷ್ಟ ಆಡಸಬಹುದು. ನಾ ಪುರೋಹಿತ. ಬೀಗರು, ಸೋದರಮಾವ, ಹೆಣ್ಮಕ್ಕಳು ಇವರನ್ನೆಲ್ಲಾ ಎಲ್ಲಿಂದ ತರ್ಲಿ?” ಎಂದು ಹೆಂಡತಿಯ ಮುಂದೆ ಗೋಳಾಡಿದ.

“ಲಗ್ನಕ್ಕ ಮಂದಿ ಹುಡುಕಬೇಕೇನ್ರಿ? ನೀವು ಸುಮ್ಮ ಕೂಡ್ರಿ,” ಎಂದಳು ಶಿವದೇವಿ. ಮರುದಿನ ಮಂಜೀರಾ ನದಿಯ ನೀರು ಬಿಟ್ಟಾಗ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಲ್ಲೇ ಆಮಂತ್ರಣ ಕೊಟ್ಟು ಬಂದಳು.

ಒಬ್ಬೊಬ್ಬರಿಗೂ ಒಂದೊಂದು ಕಂಪ್ಯೂಟರ್ ಬೇಕಲ್ಲ; ಶನಿವಾರ ಬೆಳಿಗ್ಗೆ ಅದೇ ಓಣಿಯ ಶಿವಪ್ರಕಾಶನ ನೆಟ್ ಸೆಂಟರಿಗೆ ನೆಂಟರು ಬಂದರು. ಕೆಳಗಿನ ಮನೆಯ ಶಾರದಾಬಾಯಿ, ಅವರ ಯಜಮಾನರು ಪ್ರಾಣೇಶರಾಯರು, ಪಕ್ಕದ ಮನೆಯ ಬಸಲಿಂಗಮ್ಮ. ರಾಯರ ಮನೆಯಲ್ಲೇ ವೈಜನಾಥ ಬಾಡಿಗೆಗೆ ಇದ್ದದ್ದು. ಕಂಪ್ಯೂಟರ್ ಮುಂದೆ ಕೂತರೆ ಸಾಕು ಎಂದು ಹೇಳಿದ್ದರೂ ಶಾರದಾಬಾಯಿ ರೇಷ್ಮೆ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟುಕೊಂಡು ಬಂದಿದ್ದರು. ಬಸಲಿಂಗಮ್ಮ ಇಳಕಲ್ ಸೀರೆಯ ಸೆರಗಿನಲ್ಲಿ ಉಡಿಯಕ್ಕಿ ಗಂಟು ಹಾಕಿಕೊಂಡೇ ಬಂದಿದ್ದಳು. ಜೆಡ್ಡಾ, ದುಬೈಗಳಲ್ಲಿದ್ದ ಗಂಡಂದಿರ ಜತೆ ಮಾತಾಡಲು ಬರುವ ಹೆಂಗಸರಿಗೆಂದು ಶಿವಪ್ರಕಾಶ ಎಲ್ಲ ಕಂಪ್ಯೂಟರಿಗೂ ಮೈಕು ಜೋಡಿಸಿದ್ದ. ವೈಜನಾಥ ಆ ಮೈಕುಗಳನ್ನು ಬಂದ್ ಮಾಡಬೇಕಿತ್ತು. ಗಡಿಬಿಡಿಯಲ್ಲಿ ಮರೆತ. ತಪ್ಪು ಹುಡುಕಿ ಸಂಬಳ ತಗೊಳ್ಳುವವನು ಆ ದಿನ ಕಣ್ಣೆದುರಿನ ತಪ್ಪನ್ನು ಕಾಣಲಿಲ್ಲ.

“ಊಟಕ್ಕ ಏನು ಮಾಡ್ಸಿದಿ?” ಶಾರದಾಬಾಯಿ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು.

“ಬಾಯಾರ, ಅಲ್ಲಿ ಊಟ ಇರೂದಿಲ್ರಿ. ಎಲ್ಲಾ ಬೊಂಬಿ.”

“ಊಟ ಇಲ್ಲದ ಲಗ್ನಾ? ಬ್ಯಾರೆ ದೇಶದವರು ನಮ್ಮ ಬಗ್ಗೆ ಏನು ತಿಳ್ಕೋಬೇಕು?”

“ನೀವೇನೂ ಮಾಡೂದು ಬ್ಯಾಡ್ರಿ. ಸುಮ್ಮ ನಿಂದರ್ರಿ. ನಾ ಹೇಳಿದಾಗ ಈ ಗುಂಡಿ ಒತ್ರಿ, ಅಕ್ಕಿಕಾಳು ಬೀಳ್ತಾವು. ಮುಗೀತು.”

ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಕನ್ನಡಕ ಒರೆಸಿಕೊಂಡು ಗಂಭೀರವಾಗಿ ಕೇಳಿದರು. “ನಾ ಯಾರು ಇಲ್ಲಿ?”

“ಹುಡುಗಿ ಸೋದರಮಾವ ರೀ.”

“ಹಂಗಾರ ಜವಾಬ್ದಾರಿ ಭಾಳ ಅದ,” ಎಂದು ರಾಯರು ಬೆನ್ನು ನೆಟ್ಟಗೆ ಮಾಡಿ ಕೂತರು.

ಹನ್ನೊಂದಕ್ಕೆ ಸರಿಯಾಗಿ ವಧೂವರರು ಮಂಟಪಕ್ಕೆ ಇಳಿದು ಬಂದರು. ಇಳಿದು ಬಂದರು ಎಂಬುದು ಬರಿಯ ಮಾತಲ್ಲ; ವರನ ಬೊಂಬೆಗೆ ಎರಡು ದೊಡ್ಡ ರೆಕ್ಕೆ ಇದ್ದವು, ಆಕಾಶದಿಂದಲೇ ಇಳಿದ. ಆ ಲೋಕದಲ್ಲಿ ಯಾರು ಹೇಗೆ ಬೇಕಾದರೂ ಇರಬಹುದು. ವಧು ಕೆಂಪು ಸೀರೆಯಲ್ಲಿ ಲಕ್ಷಣವಾಗಿಯೇ ಇದ್ದಳು. ಆಕೆ ಅತ್ತ ತಿರುಗಿದಾಗ ಸೀರೆಯ ಹಿಂದಿನಿಂದ ಬೆಕ್ಕಿನ ಬಾಲವೊಂದು ಕಾಣಿಸಿತು.

“ಅಯ್ಯ ಶಿವನ! ಹುಡುಗಿಗೆ ಬಾಲ ಐತಲ್ರಿ!” ಬಸಲಿಂಗಮ್ಮ ಕೂಗಿದಳು.

“ಎಲ್ಲದ? ಹೌದಲ್ಲ! ಐಬು ಮುಚ್ಚಿಟ್ಟು ಲಗ್ನಾ ಮಾಡ್ಲಿಕತ್ತಾರ,” ಎಂದರು ಶಾರದಾಬಾಯಿ. “ಗಂಡಿನ ಕಡೆಯವರಿಗೆ ಹೇಳ್ಯಾರೋ ಇಲ್ಲೋ?”

ಅಷ್ಟೂ ಮಾತು ಮೈಕಿನಲ್ಲಿ ಹೋಗಿ ಸಮುದ್ರದಂಡೆಯ ಮಂಟಪದಲ್ಲಿ ಮೊಳಗಿತು. ವರ ಕೂಡಲೇ ಟೈಪ್ ಮಾಡಿದ: ‘ಆ ಹೆಂಗಸರು ಏನು ಹೇಳುತ್ತಿದ್ದಾರೆ?’

ವೈಜನಾಥ ‘ನೂರು ವರ್ಷ ಬಾಳಿ ಎಂದು ಹರಸುತ್ತಿದ್ದಾರೆ’ ಎಂದು ಬರೆದ.

ಹರಕೆ ಮುಂದುವರಿಯಿತು. ಬಾಲ ಹುಟ್ಟಿನಿಂದಲೇ ಬಂದದ್ದೋ ಆಮೇಲೆ ಬಂದದ್ದೋ, ಹುಟ್ಟುವ ಮಕ್ಕಳಿಗೂ ಬರುತ್ತದೋ ಹೇಗೆ ಎಂದು ಇಬ್ಬರೂ ಗಟ್ಟಿಯಾಗಿ ಚರ್ಚೆ ಮಾಡಿದರು. ಅವರ ಬೊಂಬೆಗಳು ಬಾಲದ ಸುತ್ತ ತಿರುಗಿ ನೋಡಿದವು. ವಧು ಬರೆದಳು: ‘ಇಷ್ಟು ಉದ್ದದ ಹರಕೆಯೇ? ದಯವಿಟ್ಟು ನಿಜ ಹೇಳಿ.’

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ವೈಜನಾಥ ದೇವರ ಮೇಲೆ ಭಾರ ಹಾಕಿ ಬಾಲದ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆದ. ಆಮೇಲೆ ಬಾಲ ಇದ್ದಕ್ಕಿದ್ದಂತೆ ಮಾಯವಾಯಿತು.

“ಕಿತ್ತ ಒಗದಳ ನೋಡ್ರಿ!” ಬಸಲಿಂಗಮ್ಮನ ಕಣ್ಣಲ್ಲಿ ನೀರಾಡಿತು. “ಹಿರ್ಯಾರ ಮಾತು ಕೇಳ್ತಾಳ. ಛಲೋ ಮನಿತನದಾಕಿ.”

ಇನ್ನು ತಡ ಮಾಡಿದರೆ ವರನ ರೆಕ್ಕೆಗೂ ಕುತ್ತು ಬರುತ್ತದೆ ಎಂದು ವೈಜನಾಥ ಗಂಟಲು ಸರಿಮಾಡಿಕೊಂಡು ಶುರು ಮಾಡಿಯೇ ಬಿಟ್ಟ. “ರಾಮಃ ರಾಮೌ ರಾಮಾಃ... ರಾಮಂ ರಾಮೌ ರಾಮಾನ್...”

ರಾಯರು ಕಿವಿ ನಿಮಿರಿಸಿದರು. “ಏ ತಮ್ಮಾ, ತಡಿ. ಇದು ಸಂಸ್ಕೃತ ವ್ಯಾಕರಣದ ರಾಮ ಶಬ್ದ ಅಲ್ಲೇನೋ? ಲಗ್ನದಾಗ ವಿಭಕ್ತಿ ಹೇಳ್ತೀಯೇನು?”

“ರಾಯರ, ಅವರಿಗೇನ್ ತಿಳೀತೈತಿ. ನೀವು ಸುಮ್ಮ ಕೂಡ್ರಿ.”

ಆ ಮಾತು ಬಾಯಿಂದ ಜಾರಿದ ಕೂಡಲೇ ನೆಟ್ ಸೆಂಟರಿನಲ್ಲಿದ್ದ ಎಲ್ಲರೂ ರಾಯರ ಕಡೆ ತಿರುಗಿದರು. ಸೋದರಮಾವನಿಗೆ, ಅದೂ ಮಂಟಪದಲ್ಲಿ, ಸುಮ್ಮನೆ ಕೂತುಕೋ ಎಂದವರು ನಮ್ಮ ಕಡೆ ಯಾರೂ ಕ್ಷೇಮವಾಗಿ ಮನೆಗೆ ಹೋದದ್ದಿಲ್ಲ. ರಾಯರ ಮೂಗು ಕೆಂಪಾಯಿತು.

“ಮರ್ಯಾದಿ ಇಲ್ಲದ ಕಡೆ ನಾ ಇರೋನಲ್ಲ. ಹೊಂಟೆ,” ಎಂದು ಬೊಂಬೆಯನ್ನು ಗರ್ರನೆ ತಿರುಗಿಸಿ, ಮುಂದೆ ಹೋಗುವ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದರು. ಬೊಂಬೆ ಮಂಟಪ ದಾಟಿತು, ಮರಳು ದಾಟಿತು, ನೀರಿಗಿಳಿಯಿತು. ಸಿಟ್ಟಿನಲ್ಲಿ ರಾಯರು ಬೆರಳು ತೆಗೆಯಲಿಲ್ಲ. ಬೊಂಬೆಯ ತಲೆಯ ಜರಿ ಪೇಟಾ ಕೊನೆಗೆ ಕಾಣಿಸಿ ಮುಳುಗಿತು. ಸ್ವಲ್ಪ ಹೊತ್ತಿನಲ್ಲಿ ರಾಯರ ಪರದೆಯ ಮೇಲೆ ಮೀನುಗಳು ಓಡಾಡತೊಡಗಿದವು.

“ರಾಯರ, ವಾಪಸ್ ಬರ್ರಿ, ತಪ್ಪಾತು!” ಎಂದ ವೈಜನಾಥ.

ರಾಯರು ಕುರ್ಚಿಯಲ್ಲಿ ಕೈ ಕಟ್ಟಿ ಕೂತರು. ಬೊಂಬೆಯೂ ಸಮುದ್ರದ ತಳದಲ್ಲಿ ನಿಂತೇ ಇತ್ತು.

“ಹಂಗಾರ ಅವರನ್ನ ಬಿಟ್ಟ ಮಾಡೂಣ್ರಿ,” ಎಂದು ವೈಜನಾಥ ಅಳುಮುಖದಿಂದ ಶಾರದಾಬಾಯಿಯವರನ್ನು ಕೇಳಿಕೊಂಡ.

“ಸೋದರಮಾವ ಇಲ್ಲದ ಅಕ್ಕಿಕಾಳು ಹ್ಯಾಂಗ ಬೀಳ್ತಾವ? ನಿಮ್ಮ ಲಗ್ನದಾಗ ಬಿದ್ದಿದ್ದವೇನು? ಮದಿಮಕ್ಕಳನ್ನ ಕರ್ಕೊಂಡು ಹೋಗಿ ಕೈ ಮುಗಿದು ಕರೀಬೇಕು. ಬರಿ ಅದನ್ನ.”

ವೈಜನಾಥ ಬರೆದ. ‘ಮಾವನವರು ಮುನಿಸಿಕೊಂಡು ಸಮುದ್ರಕ್ಕೆ ಹೋಗಿದ್ದಾರೆ. ನೀವು ಬಂದು ಕರೆಯದಿದ್ದರೆ ಮದುವೆ ನಡೆಯುವಂತಿಲ್ಲ.’ ಬರೆಯುವಾಗ ತನ್ನ ಕ್ಲಬ್ಬು, ಡಾಲರು, ಸ್ವಾತಂತ್ರ್ಯ ಎಲ್ಲವೂ ಪೇಟಾದ ಹಿಂದೆಯೇ ನೀರಿಗಿಳಿಯುವುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಆದರೆ ವಧೂವರರು ಮರುಮಾತಾಡದೆ ಸಮುದ್ರಕ್ಕೆ ಇಳಿದರು. ಹಿಂದೆ ಶಾರದಾಬಾಯಿ, ಅವರ ಹಿಂದೆ ಬಸಲಿಂಗಮ್ಮ. ನೋಡಿ ನೋಡಿ ತಡೆಯಲಾರದೆ ಶಿವಪ್ರಕಾಶನೂ ಒಂದು ಬೊಂಬೆಗೆ ಡೋಲು ಕಟ್ಟಿ ಇಳಿಸಿದ. ಆ ಲೋಕದಲ್ಲಿ ಯಾರೂ ಉಸಿರುಗಟ್ಟಿ ಸಾಯುವುದಿಲ್ಲವೆಂಬುದೇ ಪುಣ್ಯ.

ತಳದಲ್ಲಿ ವರ ರೆಕ್ಕೆ ಮಡಚಿ, ಬಗ್ಗಿ ನಮಸ್ಕಾರ ಮಾಡಿದ. ಮನೆಯವರಿಂದ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ವೈಜನಾಥ ಅವನ ಪರವಾಗಿ ಹೇಳಿದ.

“ನನಗೇನು ಸಿಟ್ಟಿಲ್ಲ,” ಎಂದರು ರಾಯರು, ಸಿಟ್ಟಿನಿಂದಲೇ. “ಹುಡುಗ ಛಲೋ ಇದ್ದಾನ. ನಿನ್ನ ವಿಭಕ್ತಿ ಬ್ಯಾಡ, ಖರೇ ಮಂತ್ರಾ ನಾನ ಹೇಳ್ತೀನಿ. ಆದ್ರ ಮ್ಯಾಲ ಬರೋದು ಹ್ಯಾಂಗಂತ ನನಗ ತಿಳೀವಲ್ತು.”

ಹೀಗಾಗಿ ಮುಹೂರ್ತ ಸಮುದ್ರದ ತಳದಲ್ಲೇ ನಡೆಯಿತು. ರಾಯರು ಕಣ್ಣು ಮುಚ್ಚಿ ಸ್ವರವೆತ್ತಿ ಮಂತ್ರ ಹೇಳಿದರು. ಅಕ್ಕಿಕಾಳು ನೀರಿನಲ್ಲಿ ಕೆಳಗೆ ಬೀಳದೆ ನಿಧಾನವಾಗಿ ಮೇಲಕ್ಕೆ ಹೋದವು. ಬಸಲಿಂಗಮ್ಮ ಸೆರಗಿನ ನಿಜವಾದ ಅಕ್ಕಿಯನ್ನು ಕಂಪ್ಯೂಟರಿನ ಮೇಲೂ ಎರಚಿದಳು. ಶಿವಪ್ರಕಾಶ ಕೀಲಿಮಣೆಯ ಸಂದಿಯಿಂದ ಕಾಳು ಆರಿಸುತ್ತ ಕೂತ.

ಆಮೇಲೆ ಅವನೇ ರಾಯರಿಗೆ ಮೇಲೇರುವ ಗುಂಡಿ ತೋರಿಸಿಕೊಟ್ಟ. ಎಲ್ಲರೂ ಮಂಟಪಕ್ಕೆ ಹಿಂತಿರುಗಿದಾಗ ಇನ್ನೇನು ಮುಗಿಯಿತು ಎಂದು ವೈಜನಾಥ ಉಸಿರು ಬಿಟ್ಟ. ಬಾಗಿಲಲ್ಲಿ ಶಾರದಾಬಾಯಿಯವರ ಬೊಂಬೆ ಅಡ್ಡ ನಿಂತಿತ್ತು.

“ಒಡಪು ಹಾಕಿ ಗಂಡನ ಹೆಸರು ಹೇಳಲಿ. ಅಲ್ಲೀತನಕಾ ಒಳಗ ಬಿಡೋದಿಲ್ಲ.”

“ಬಾಯಾರ, ನಿಮ್ಮ ಕಾಲಿಗೆ ಬೀಳ್ತೀನಿ. ಅವರಿಗೆ ಒಡಪು ಗೊತ್ತಿಲ್ರಿ!”

“ಗಂಡನ ಹೆಸರು ಗೊತ್ತಿಲ್ಲೇನು? ಅದನ್ನ ಕೂಡಿಸಿ ಎರಡು ಸಾಲು ಕಟ್ಟಿ ಹೇಳು ಅನ್ನು. ಕೇಳು ಸುಮ್ಮ.”

ವೈಜನಾಥ ಬರೆದ. ಕೊನೆಗೆ ವಧುವಿನಿಂದ ಎರಡು ಸಾಲು ಬಂದವು. ವೈಜನಾಥ ಅವನ್ನು ಕನ್ನಡ ಮಾಡಿ ಹೇಳಿದ: “ನಲವತ್ತು ವರ್ಷ ದಿನಾ ಚಹಾ ಮಾಡಿ ಕೊಟ್ಟೀನಿ, ಕೆವಿನ್‌ರಾಯ ಒಂದು ದಿನಾನೂ ಕಪ್ಪು ತೊಳದಿಲ್ಲ.”

“ಅಯ್ಯ! ಹಳೇ ಗಂಡ ಹೆಂಡ್ತಿ ಇದ್ದಾರ!” ಶಾರದಾಬಾಯಿ ನಕ್ಕು ನಕ್ಕು ನತ್ತು ಹಿಡಿದುಕೊಂಡರು. “ಮುದುಕಿ ನಮ್ಮ ಪೈಕಿನ ಬಿಡು. ಏ ಕೆವಿನಪ್ಪಾ, ನಾಚಿಕಿ ಆಗೋದಿಲ್ಲೇನು ನಿನಗ? ಇವತ್ತಿನಿಂದ ಕಪ್ಪು ನೀನ ತೊಳೀಬೇಕು. ಆಣಿ ಮಾಡು. ಆಣಿ ಮಾಡಿದ್ರ ಬಾಗಲಾ ಬಿಡ್ತೀನಿ. ಏ ವೈಜನಾಥ, ಒಂದಕ್ಷರಾ ಬಿಡದ ಬರಿ.”

ವೈಜನಾಥ ಬರೆದ. ಕಳಿಸುವ ಗುಂಡಿ ಒತ್ತಿದ ಕ್ಷಣಕ್ಕೆ ಕರೆಂಟು ಹೋಯಿತು.

ಮೆಹದಿಪಟ್ಟಣಂ ಮೊದಲಿಂದ ಕೊನೆಯವರೆಗೆ ಕತ್ತಲಾದಂತೆ ವೈಜನಾಥನಿಗೆ ಅನಿಸಿತು. ಹೊರಗೆ ಬಿಸಿಲು ಕಾಯುತ್ತಿತ್ತು. ಗಿರಾಕಿಯ ಬಾಲ ಕೀಳಿಸಿದ್ದಾಯಿತು, ಸಮುದ್ರಕ್ಕೆ ಇಳಿಸಿದ್ದಾಯಿತು, ಕೊನೆಗೆ ಕಪ್ಪು ತೊಳೆ ಎಂದು ಬೈದು ಬಾಗಿಲ ಹೊರಗೇ ನಿಲ್ಲಿಸಿ ಬಂದದ್ದಾಯಿತು. ಇದೂ ಒಂದು ವ್ಯಾಪಾರವೇ! ಸೋಮವಾರ ಮತ್ತೆ ಬಸ್ಸು ಹಿಡಿದು ಗಚ್ಚಿಬೌಲಿಗೆ ಹೋಗಿ ನರಸಿಂಹನ ಮುಂದೆ ನಿಲ್ಲುವುದೇ ತನ್ನ ಹಣೆಬರಹ ಎಂದುಕೊಂಡು ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟಕ್ಕೂ ಏಳಲಿಲ್ಲ.

ಇಳಿಹೊತ್ತಿಗೆ ಕರೆಂಟು ಬಂತು. “ಏಳ್ರಿ, ಒಮ್ಮೆ ನೋಡ್ರಿ, ಬೈದು ಬರದಿದ್ರ ಅದನ್ನಾರ ಓದೂಣು,” ಎಂದು ಶಿವದೇವಿ ಎಬ್ಬಿಸಿದಳು. ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಇಬ್ಬರೂ ಕೂತರು. ಆಸ್ಟ್ರೇಲಿಯಾದಿಂದ ಮೇಲ್ ಬಂದಿತ್ತು.

‘ನಲವತ್ತು ವರ್ಷದ ಹಿಂದೆ ನಮ್ಮ ಮದುವೆ ಕಚೇರಿಯೊಂದರಲ್ಲಿ ಆಯಿತು. ಸಹಿ ಹಾಕಲು ದಾರಿಯಲ್ಲಿ ಹೋಗುವ ಇಬ್ಬರನ್ನು ಕರೆತಂದಿದ್ದೆವು. ಯಾರೂ ಹರಸಲಿಲ್ಲ, ಯಾರೂ ಮುನಿಸಿಕೊಳ್ಳಲಿಲ್ಲ, ನಮಗಾಗಿ ಯಾರೂ ಬಾಗಿಲಲ್ಲಿ ಅಡ್ಡ ನಿಲ್ಲಲಿಲ್ಲ. ಇವತ್ತು ಮೊದಲ ಸಲ ನಮಗೂ ಜನ ಇದ್ದಾರೆ ಅನಿಸಿತು. ಕೆವಿನ್ ಈಗ ಕಪ್ಪು ತೊಳೆಯುತ್ತಿದ್ದಾನೆ. ನಮ್ಮ ಕ್ಲಬ್ಬಿನ ವರ್ಷದ ಎಲ್ಲ ಮದುವೆಗಳನ್ನೂ ನಿಮಗೇ ಒಪ್ಪಿಸಲು ತೀರ್ಮಾನಿಸಿದ್ದೇವೆ.’

ಶಿವದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವೈಜನಾಥನಿಗೆ ಅಳಲು ಪುರಸೊತ್ತಿರಲಿಲ್ಲ. ಮೊಬೈಲ್ ಎಳೆದುಕೊಂಡು ನರಸಿಂಹನಿಗೆ ಮೆಸೇಜು ಒತ್ತಿದ: ‘ಸೋಮವಾರದಿಂದ ನಾನು ಬರುವುದಿಲ್ಲ. ಇನ್ನು ಯಾರ ಕೈಕೆಳಗೂ ದುಡಿಯುವವನಲ್ಲ. ಕೆಲಸ ಬಾರದವರೇ ಬೇರೆಯವರ ತಪ್ಪು ಹುಡುಕುವುದು. ನಿಮ್ಮ ತಪ್ಪು ನೀವೇ ಹುಡುಕಿಕೊಳ್ಳಿ.’ ಕಳಿಸಿದ ಮೇಲೆ ಕಾಲು ಚಾಚಿ ಕೂತ. ಹತ್ತು ವರ್ಷ ಚಿಕ್ಕವನಾದಂತಿತ್ತು.

“ಕೆಳಗ ಇನ್ನೂ ಏನೋ ಬರದಾರ ನೋಡ್ರಿ,” ಎಂದಳು ಶಿವದೇವಿ.

ಕೆಳಗೆ ಬರೆದಿತ್ತು: ‘ಒಂದು ವಿನಂತಿ. ಬಾಗಿಲಲ್ಲಿ ನಿಂತ ಆ ಅಮ್ಮನೇ ಎಲ್ಲ ಮದುವೆಗಳ ಮುಖ್ಯಸ್ಥೆಯಾಗಿರಬೇಕು. ಹಣವನ್ನು ಅವರ ಹೆಸರಿಗೇ ಕಳಿಸುತ್ತೇವೆ. ಪೌರೋಹಿತ್ಯಕ್ಕೆ ಸಮುದ್ರದ ಮಾವನವರು ಬೇಕು. ಮೊದಲು ಮಂತ್ರ ಹೇಳುತ್ತಿದ್ದಾತ ನಕಲಿ ಎಂದು ನಮಗೆ ಆಗಲೇ ಅನಿಸಿತ್ತು. ಆದರೆ ಅವನ ಇಂಗ್ಲಿಷ್ ಪರವಾಗಿಲ್ಲ. ಅಮ್ಮ ಒಪ್ಪಿದರೆ ಅವನನ್ನು ಅನುವಾದಕ್ಕೆ ಇಟ್ಟುಕೊಳ್ಳಬಹುದು.’

ವೈಜನಾಥ ಮೊಬೈಲ್ ಕೈಗೆತ್ತಿಕೊಂಡ. ಮೆಸೇಜನ್ನು ಹೇಗಾದರೂ ವಾಪಸ್ ಕರೆಸಬಹುದೇ ಎಂದು ಒತ್ತಿ ನೋಡುತ್ತಿರುವಾಗಲೇ ಅದು ಗುರ್ ಎಂದಿತು. ಒಂದು ದಿನದ ರಜೆ ಕೇಳಿದರೆ ವಾರಗಟ್ಟಲೆ ಉತ್ತರಿಸದ ನರಸಿಂಹ ತಕ್ಷಣ ಉತ್ತರ ಕೊಟ್ಟಿದ್ದ: ‘ಒಪ್ಪಿಗೆ ಇದೆ.’

“ಈ ಮೇಲ್ ಯಾರಿಗೂ ತೋರಿಸೂದು ಬ್ಯಾಡ,” ಎಂದು ವೈಜನಾಥ ಮೆಲ್ಲಗೆ ಹೇಳಿ ಹಿಂದಿರುಗಿ ನೋಡಿದರೆ ಶಿವದೇವಿ ಇರಲಿಲ್ಲ. ಮೆಟ್ಟಿಲ ಮೇಲಿಂದ ಅವಳ ದನಿ ಕೇಳಿಸಿತು: “ಬಾಯಾರ! ಬಾಯಾರ! ನಿಮಗ ನೌಕರಿ ಬಂತ್ರಿ!”

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕರೆ ಬಂತು. ವೈಜನಾಥ ಹೋದಾಗ ಪ್ರಾಣೇಶರಾಯರು ಕನ್ನಡಕ ಏರಿಸಿಕೊಂಡು ಪಂಚಾಂಗ ತಿರುವುತ್ತಿದ್ದರು. ಶಾರದಾಬಾಯಿ ಜೋಕಾಲಿಯ ಮೇಲೆ ಕೂತಿದ್ದರು. ಬೆಳಗಿನ ರೇಷ್ಮೆ ಸೀರೆಯನ್ನು ಇನ್ನೂ ಬದಲಿಸಿರಲಿಲ್ಲ.

“ಬಾ ತಮ್ಮಾ, ಕೂಡು. ಎಲ್ಲಾ ಶಿವದೇವಿ ಹೇಳಿದ್ಲು. ನಿನ್ನ ಕೈ ಬಿಡೋದಿಲ್ಲ, ಹೆದರಬ್ಯಾಡ. ನಾ ಬೈದಿದ್ದನ್ನ ಇಂಗ್ಲಿಷಿನ್ಯಾಗ ಬರದ್ರಾತು. ಆದ್ರ ಹನ್ನೊಂದಂದ್ರ ಹನ್ನೊಂದಕ್ಕ ಹಾಜರ್ ಇರಬೇಕು.”

“ಆತ್ರಿ ಬಾಯಾರ,” ಎಂದ ವೈಜನಾಥ.

“ಇನ್ನೊಂದು ಮಾತು. ತಪ್ಪು ತಿಳ್ಕೋಬ್ಯಾಡ, ಹೊಸಾ ಮಂದಿನ್ನ ಇಟ್ಕೊಳ್ಳೋ ಮುಂದ ವಿಚಾರಿಸೋದು ಪದ್ಧತಿ ಅಂತ ಇವರು ಅಂತಾರ.” ಶಾರದಾಬಾಯಿ ರಾಯರ ಕಡೆ ನೋಡಿದರು. ರಾಯರು ಪಂಚಾಂಗ ಕೆಳಗಿಟ್ಟು ಫೋನು ಹತ್ತಿರ ಎಳೆದುಕೊಂಡರು.

“ನಿಮ್ಮ ಆಫೀಸಿನ ಸಾಹೇಬ್ರದು, ಏನವರ ಹೆಸರು, ನರಸಿಂಹ ಅಲ್ಲೇನು? ಅವರ ನಂಬರ್ ಹೇಳು. ಹುಡುಗ ಹ್ಯಾಂಗ, ಏನು, ಅಂತ ಒಂದು ಮಾತು ಕೇಳಿ ಇಡ್ತೀವಿ.”

ವೈಜನಾಥ ಒಮ್ಮೆ ರಾಯರನ್ನು ನೋಡಿದ, ಒಮ್ಮೆ ಬಾಯಿಯವರನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, ಒಂದೊಂದೇ ಅಂಕಿಯಾಗಿ ನಂಬರು ಹೇಳತೊಡಗಿದ.